ಚಂದ್ರಶೇಖರಯ್ಯನವರ ಪಂಚೆ, ಲಕ್ಷ್ಮೀಶನ ಶಾಫ್ಟು

ಬಸವನಗುಡಿಯ ನಮ್ಮ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿರುವ ಚಂದ್ರಶೇಖರಯ್ಯನವರು ಜೀವನವಿಡೀ ಮಾಮೂಲ್‌ಪೇಟೆಯಲ್ಲಿ ಮುಚ್ಚಳ ಮಾರಿದವರು. ಬಾಟಲಿ, ಡಬ್ಬಿಗಳನ್ನೂ ಮಾರುತ್ತಿದ್ದರು. ಆದರೆ ಅವು ಎಲ್ಲರ ಅಂಗಡಿಯಲ್ಲೂ ಸಿಗುತ್ತಿದ್ದವು. ಬರೀ ಮುಚ್ಚಳ ಬೇಕಾದವರು ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ಉಪ್ಪಿನಕಾಯಿ ಹಾಕುವವರು, ಫಿನಾಯಿಲ್ ಮಾಡುವವರು, ತಲೆಗೆ ಹಚ್ಚುವ ಎಣ್ಣೆ ಕಾಯಿಸಿ ಮಾರುವವರು, ಎಲ್ಲರ ಬಾಟಲಿಯ ಬಾಯಿಗೂ ಅವರ ಗೋಣಿಚೀಲದಲ್ಲಿ ಒಂದು ಮುಚ್ಚಳ ಇರುತ್ತಿತ್ತು. ಈಗ ಅಂಗಡಿಯನ್ನು ಮಗ ಕೇದಾರ್ ನೋಡಿಕೊಳ್ಳುತ್ತಾನೆ. ಚಂದ್ರಶೇಖರಯ್ಯನವರು ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಪೇಪರ್ ಓದಿ, ಗಾಂಧಿಬಜಾರಿಗೆ ಹೋಗಿ ಯಾರೂ ಹೇಳದ ಸೊಪ್ಪು ತಂದು, ಹೆಂಡತಿ ಕಲ್ಯಾಣಮ್ಮನವರಿಂದ ಬೈಸಿಕೊಳ್ಳುತ್ತಾರೆ. ಹಾಕುವುದು ಬಿಳಿ ಪಂಚೆ, ಅರ್ಧ ತೋಳಿನ ಶರ್ಟು. ಮದುವೆಗೂ ಅದೇ, ಬ್ಯಾಂಕಿಗೂ ಅದೇ.

ಆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ಕಾವೇರಿ ನೀರು ಬಂದ ದಿನ ಸಂಪಿನ ತಳ ಒದ್ದೆಯಾಗುವಷ್ಟು ಬಂದು ನಿಲ್ಲುತ್ತಿತ್ತು. ಟ್ಯಾಂಕರ್ ತರಿಸುವುದೆಂದು ಅಸೋಸಿಯೇಷನ್ ತೀರ್ಮಾನಿಸಿತು. ದೊಡ್ಡ ಲಾರಿ ನಮ್ಮ ಅಡ್ಡರಸ್ತೆಯಲ್ಲಿ ತಿರುಗುವುದಿಲ್ಲ. ಹಾಗಾಗಿ ಓಕಳಿಪುರಂನ ಲಕ್ಷ್ಮೀಶ ಎಂಬವನ ಟ್ರ್ಯಾಕ್ಟರ್ ಟ್ಯಾಂಕರನ್ನು ಗೊತ್ತುಮಾಡಿದರು. ಲಕ್ಷ್ಮೀಶ ನಲವತ್ತರ ಆಸುಪಾಸಿನ ಮನುಷ್ಯ. ಹೇಳಿದ ಹೊತ್ತಿಗೆ ಬರುತ್ತಿದ್ದ, ಅದೊಂದೇ ಗುಣಕ್ಕೆ ರಸ್ತೆಯಲ್ಲೆಲ್ಲ ಹೆಸರಾಗಿದ್ದ.

ಟ್ಯಾಂಕರಿನ ಮೂತಿಯಲ್ಲಿ ಒಂದು ಪಂಪಿತ್ತು. ಅದಕ್ಕೆ ಬೇರೆ ಎಂಜಿನ್ ಇಲ್ಲ. ಟ್ರ್ಯಾಕ್ಟರಿನ ಹಿಂಭಾಗದಿಂದ ಒಂದು ಕಬ್ಬಿಣದ ಶಾಫ್ಟು ಬಂದು ಪಂಪಿಗೆ ಸೇರಿಕೊಂಡಿತ್ತು. ಎಂಜಿನ್ ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟು ಪಂಪನ್ನು ತಿರುಗಿಸುತ್ತದೆ, ನೀರು ನಾಲ್ಕನೇ ಮಹಡಿ ದಾಟಿ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಶಾಫ್ಟು ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ ಸುಮ್ಮನೆ ನಿಂತಿರುವ ಹಾಗೇ ಕಾಣುತ್ತಿತ್ತು. ಮಕ್ಕಳು, ಹಾಲಿನವರು, ಕೊರಿಯರ್‌ನವರು ಎಲ್ಲರೂ ಅದರ ಪಕ್ಕದಲ್ಲೇ ಓಡಾಡುತ್ತಿದ್ದರು.

ಟ್ಯಾಂಕರ್ ಬಂದಾಗಲೆಲ್ಲ ಚಂದ್ರಶೇಖರಯ್ಯನವರು ಕೆಳಗಿಳಿದು ಬರುತ್ತಿದ್ದರು. ಅವರಿಗೆ ಯಾರೂ ಆ ಕೆಲಸ ಒಪ್ಪಿಸಿರಲಿಲ್ಲ. ಆ ದಿನ ಪೈಪು ಸೇರುವ ಕಡೆ ನೀರು ಸೋರುತ್ತಿರುವುದು ಅವರ ಕಣ್ಣಿಗೆ ಬಿತ್ತು. ಲಕ್ಷ್ಮೀಶ ಟ್ರ್ಯಾಕ್ಟರಿನ ಆ ಬದಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಅವನಿಗೆ ತೋರಿಸೋಣವೆಂದು ಇವರು ಟ್ರ್ಯಾಕ್ಟರಿಗೂ ಟ್ಯಾಂಕರಿಗೂ ನಡುವಿನ ಕಬ್ಬಿಣದ ಮೂಕಿಯನ್ನು ದಾಟಲು ಒಂದು ಕಾಲು ಎತ್ತಿಟ್ಟರು. ಪಂಚೆಯ ಅಂಚು ಶಾಫ್ಟಿಗೆ ತಗುಲಿತು.

ಮುಂದಿನದನ್ನು ಅವರು ಹೇಳುವುದು ಹೀಗೆ: ಯಾರೋ ಹಿಂದಿನಿಂದ ಬಂದು ಸೊಂಟ ಹಿಡಿದು ಎಳೆದಂತಾಯಿತು, ತಿರುಗಿ ಬೈಯಬೇಕು ಅಂದುಕೊಳ್ಳುವಷ್ಟರಲ್ಲಿ ಮಂಡಿಯೂರಿ ಬಿದ್ದಿದ್ದರು. ಒಂದು ಕೈ ಮೂಕಿಯನ್ನು ಹಿಡಿದಿತ್ತು. ಇನ್ನೊಂದು ಕೈ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆಯನ್ನು ಎದೆಗೆ ಒತ್ತಿಕೊಂಡಿತ್ತು. ಪಂಚೆ ಇರಲಿಲ್ಲ. ಲಕ್ಷ್ಮೀಶ ಫೋನ್ ಎಸೆದು ಓಡಿಬಂದು ಲಿವರ್ ಎಳೆದ. ಶಾಫ್ಟು ನಿಂತಾಗ ನೋಡಿದರೆ ಇಡೀ ಪಂಚೆ ಅದರ ಮೇಲೆ ನೂಲಿನ ಉಂಡೆಯಂತೆ ಬಿಗಿಯಾಗಿ ಸುತ್ತಿಕೊಂಡಿತ್ತು. ಆಮೇಲೆ ಅದನ್ನು ಚಾಕುವಿನಿಂದ ಕೊಯ್ದು ತೆಗೆಯಬೇಕಾಯಿತು.

ಚಂದ್ರಶೇಖರಯ್ಯನವರು ಪಟ್ಟೆಪಟ್ಟೆ ಚಡ್ಡಿಯಲ್ಲಿ, ಮಂಡಿಯಿಂದ ರಕ್ತ ಸುರಿಸುತ್ತ, ರಸ್ತೆಯ ನಡುವೆ ಎದ್ದು ನಿಂತರು. ಎರಡನೇ ಮಹಡಿಯ ಮೋನಿಷಾ ಆಫೀಸಿಗೆ ಹೊರಟವಳು ಸ್ಕೂಟರಿನ ಕವರ್ ತೆಗೆಯುತ್ತಿದ್ದಳು. ಅವಳು ಮುಖ ಆ ಕಡೆ ತಿರುಗಿಸಿಕೊಂಡೇ ಕವರನ್ನು ಚಾಚಿ ಹಿಡಿದಳು.

"ಅಂಕಲ್, ಇದು ಸುತ್ಕೊಳ್ಳಿ."

ಅವರು ಸುತ್ತಿಕೊಂಡರು. ಸ್ಕೂಟರಿನ ಕನ್ನಡಿಗಳಿಗೆಂದು ಹೊಲಿದಿದ್ದ ಎರಡು ಉಬ್ಬುಗಳು ಅವರ ಎರಡು ಪಕ್ಕಕ್ಕೆ ಬಂದವು. ಆ ವೇಷದಲ್ಲೇ, "ಪೈಪ್ ಸೋರ್ತಿದೆ ನೋಡಪ್ಪ" ಎಂದು ಲಕ್ಷ್ಮೀಶನಿಗೆ ಹೇಳಿ, ಮೆಟ್ಟಿಲು ಹತ್ತಿ ಮನೆಗೆ ಹೋದರು.

ಗೇಟಿನ ಮೇಲಿನ ಕ್ಯಾಮೆರಾ ಇದನ್ನೆಲ್ಲ ಹಿಡಿದಿತ್ತು. ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಅಪಾರ್ಟ್‌ಮೆಂಟಿನ ಗ್ರೂಪಿಗೆ ಬಂತು. ಸಂಜೆಗೆ ಅದಕ್ಕೊಂದು ಡೋಲಿನ ಸದ್ದು ಸೇರಿಕೊಂಡು ಬೇರೆ ಗ್ರೂಪುಗಳಿಗೆ ಹೋಯಿತು. ಮರುದಿನ ಪಾರ್ಕಿನಲ್ಲಿ ವಾಕಿಂಗ್ ಮಾಡುವ ಗೆಳೆಯರು ಚಂದ್ರಶೇಖರಯ್ಯನವರನ್ನು ಕಂಡು, "ಏನ್ ಸ್ವಾಮಿ, ಇವತ್ತು ಗಟ್ಟಿಯಾಗ್ ಕಟ್ಕೊಂಡ್ ಬಂದಿದೀರಾ?" ಎಂದರು. ಅಂಗಡಿಯ ಹಳೇ ಗಿರಾಕಿಯೊಬ್ಬರು ತುಮಕೂರಿನಿಂದ ಫೋನ್ ಮಾಡಿ ನಕ್ಕರು. ನಗುವಿನ ನಡುವೆ ಪೆಟ್ಟು ಬಿತ್ತಾ ಎಂದೂ ಕೇಳಿದರು.

ಮನೆಯಲ್ಲಿ ಕಲ್ಯಾಣಮ್ಮ ಮಂಡಿಗೆ ಅರಿಸಿನ ಹಚ್ಚುತ್ತ ಬೈದರು. "ಈ ವಯಸ್ಸಲ್ಲಿ ಮಾನ ಕಳ್ಕೊಂಡು ಬಂದ್ರಲ್ಲ ರೀ. ನಾನು ಲಿಫ್ಟಲ್ಲಿ ಹೇಗ್ ಮುಖ ತೋರಿಸ್ಲಿ?"

"ಪ್ರಾಣ ಹೋಗ್ತಿತ್ತು ಕಣೇ."

"ಹೋಗ್ಲಿಲ್ವಲ್ಲ. ಮಾನ ಹೋಯ್ತು."

ಕೇದಾರನದು ಬೇರೆ ದೂರು. ಅಪ್ಪನ ಪಂಚೆ ಜಾರುತ್ತದೆಂದು ಅವನು ಯುಗಾದಿಗೆ ಒಂದು ಅಗಲವಾದ ಬೆಲ್ಟು ತಂದುಕೊಟ್ಟಿದ್ದ. ಪಂಚೆಯ ಮೇಲೆ ಬಿಗಿದು ಅಂಟಿಸಿದರೆ ಜಗ್ಗಿದರೂ ಬಿಡುವುದಿಲ್ಲ. "ಅಪ್ಪಾ, ಬೆಲ್ಟ್ ಹಾಕ್ಕೊಂಡಿದ್ರೆ ಪಂಚೆ ಬಿಚ್ಕೊಳ್ತಾನೇ ಇರ್ಲಿಲ್ಲ" ಎಂದ.

ಚಂದ್ರಶೇಖರಯ್ಯನವರು ಮಗನ ಮುಖ ನೋಡಿದರು. ಆಮೇಲೆ "ಹೌದು" ಎಂದರು. ಆ ದಿನ ಬೆಲ್ಟು ಒಗೆಯಲು ಹಾಕಿದ್ದರು.

ಅವರನ್ನು ಕಾಡಿದ್ದು ನಗು ಅಲ್ಲ. ಅಂಗಡಿಯಲ್ಲಿ ಕೂತವರಿಗೆ ನಗು ಹೊಸದಲ್ಲ. ತಮಗೆ ಆದದ್ದೇನೆಂದು ಹೇಳಲು ಹೊರಟರೆ ಕೇಳುವವರ ಬಾಯಿ ಮೊದಲ ಮಾತಿಗೇ ಬಿರಿಯುತ್ತಿತ್ತು, ಅದು ಅವರಿಗೆ ತಡೆಯಲಾಗಲಿಲ್ಲ. ಮಿಕ್ಸಿ ಶುರುವಾದರೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು, ಕಲ್ಯಾಣಮ್ಮನ ಸೆರಗು ಎಲ್ಲಿದೆಯೆಂದು ನೋಡಿ ಹೋಗುತ್ತಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗಳು ಸಾನ್ವಿಯನ್ನು ಕರೆದು, ವಿಡಿಯೋವನ್ನು ನಿಧಾನವಾಗಿ ಓಡಿಸುವುದು ಹೇಗೆಂದು ಕೇಳಿದರು.

"ತಾತಾ, ನೀವೇ ನೋಡ್ತೀರಾ?"

"ಡೋಲಿಲ್ಲದ್ದು ಹಾಕಮ್ಮ."

ನಿಧಾನವಾಗಿ ಓಡಿಸಿದಾಗ ಕಂಡಿತು. ಶಾಫ್ಟಿನ ಕೀಲಿನ ಹತ್ತಿರ ಒಂದು ಬೋಲ್ಟಿನ ತಲೆ ಹೊರಗೆ ಚಾಚಿಕೊಂಡಿತ್ತು. ಅದು ಅಂಚನ್ನು ಹಿಡಿದಿತ್ತು. ಅಲ್ಲಿಂದ ಮುಂದೆ ಪಂಚೆ ತಾನಾಗಿಯೇ ಓಡಿ ಹೋಗಿತ್ತು. ಗಂಟು ಸಡಿಲಾಗಿದ್ದದ್ದರಿಂದ ಪಂಚೆ ಮಾತ್ರ ಹೋಯಿತು. ಅವರ ಎಡಗೈ ಶಾಫ್ಟಿನಿಂದ ಒಂದು ಗೇಣಿನಷ್ಟೂ ದೂರವಿರಲಿಲ್ಲ.

ಮುಂದಿನ ಸಲ ಟ್ಯಾಂಕರ್ ಬಂದಾಗ ಅವರು ಕೆಳಗಿಳಿದರು. ಪಂಚೆಯಲ್ಲೇ. ಅಸೋಸಿಯೇಷನ್ ಸೆಕ್ರೆಟರಿ ಪ್ರಸನ್ನ ಅಷ್ಟರಲ್ಲಿ ಬೇರೆ ಟ್ಯಾಂಕರಿನವರನ್ನು ವಿಚಾರಿಸತೊಡಗಿದ್ದ. ಅದು ಲಕ್ಷ್ಮೀಶನಿಗೂ ಗೊತ್ತಾಗಿತ್ತು. ಅವನು ಇವರನ್ನು ಕಂಡೊಡನೆ ಎಂಜಿನ್ ಆರಿಸಿ ಇಳಿದ.

"ಯಜಮಾನ್ರೇ, ತಪ್ಪಾಯ್ತು. ನಾನು ಆ ಕಡೆ ಹೋಗ್ಬಾರ್ದಿತ್ತು."

"ಅದಿರ್ಲಿ. ಇದಕ್ಕೆ ಮುಚ್ಚಳ ಇಲ್ವೇನಪ್ಪ?"

"ಐತೆ. ಶಾಫ್ಟ್ ತಗೊಂಡಾಗ ಜೊತೆಗೇ ಬಂದಿತ್ತು. ಹಳದಿ ಪ್ಲಾಸ್ಟಿಕ್ ಕವರ್ರು. ಮಧ್ಯ ಪೈಪ್ ಥರ, ಎರಡು ಕಡೆ ಆಲಿಕೆ ಥರ."

"ಎಲ್ಲಿದೆ ಅದು?"

ಲಕ್ಷ್ಮೀಶ ಟ್ರ್ಯಾಕ್ಟರಿನ ಚಕ್ರವನ್ನು ನೋಡಿದ. "ಮನೇಲೈತೆ. ಹೇಮಶ್ರೀ ಆಲಿಕೆ ಕಡೆಯಿಂದ ಡ್ರಮ್ಮಿಗೆ ಅಕ್ಕಿ ಸುರೀತಾಳೆ."

ಹೇಮಶ್ರೀ ಅವನ ಹೆಂಡತಿ. ಚಂದ್ರಶೇಖರಯ್ಯನವರು, "ಚೆಲ್ಲಲ್ವಾ?" ಎಂದು ಕೇಳಿದರು.

"ಒಂದ್ ಕಾಳೂ ಚೆಲ್ಲಲ್ಲ."

"ಮತ್ತೆ ಇಲ್ಲಿಂದ ಯಾಕ್ ಬಿಚ್ಚಿದೆ?"

ಆಗ ಲಕ್ಷ್ಮೀಶ ಹೇಳಿದ. ಶಾಫ್ಟಿನ ಎರಡೂ ತುದಿಯ ಕೀಲುಗಳಿಗೆ ಆಗಾಗ ಗ್ರೀಸ್ ಹೊಡೆಯಬೇಕು. ಹೊಡೆಯದಿದ್ದರೆ ಕೀಲು ಸವೆದು ಮುರಿಯುತ್ತದೆ. ಗ್ರೀಸ್ ಹೊಡೆಯಬೇಕಾದರೆ ಕವರ್ ಬಿಚ್ಚಬೇಕು. ಕವರಿನ ಸುತ್ತ ಮೂರು ಕಡೆ ಪ್ಲಾಸ್ಟಿಕ್ ಹಲ್ಲುಗಳಿವೆ. ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದು ತಿರುಗಿಸಬೇಕು. "ನಂಗಿರೋದು ಎರಡು ಕೈ ಸಾರ್. ಒಂದ್ ಒತ್ತಿದ್ರೆ ಇನ್ನೊಂದ್ ಕೂತ್ಕೊಳ್ತದೆ. ಕೆಳಗಡೆ ಮಲ್ಕೊಂಡು ಹಲ್ಲಲ್ಲಿ ಟಾರ್ಚ್ ಕಚ್ಕೊಂಡು ಮಾಡ್ಬೇಕು. ಆಮೇಲೆ ಹಲ್ಲು ಮುರೀತು. ನಂದಲ್ಲ, ಕವರಿಂದು. ಆಮೇಲೆ ಅದೂ ಶಾಫ್ಟ್ ಜೊತೆ ತಿರುಗೋಕೆ ಶುರುವಾಯ್ತು. ತಗ್ದು ಮನೇಲಿಟ್ಟೆ."

ಚಂದ್ರಶೇಖರಯ್ಯನವರು ಪ್ರಸನ್ನನ ಹತ್ತಿರ ಹೋಗಿ, ಟ್ಯಾಂಕರ್ ಬದಲಾಯಿಸಬೇಡಿ ಎಂದರು. ಪ್ರಸನ್ನನಿಗೆ ಆಶ್ಚರ್ಯವಾಯಿತು. "ಅಂಕಲ್, ನಿಮಗೋಸ್ಕರಾನೇ ಚೇಂಜ್ ಮಾಡ್ತಿರೋದು."

"ನೀವು ವಿಚಾರಿಸಿದ ಟ್ಯಾಂಕರಲ್ಲಿ ಶಾಫ್ಟಿಗೆ ಕವರಿದೆಯಾ?"

ಪ್ರಸನ್ನ ಅದನ್ನು ಕೇಳಿರಲಿಲ್ಲ. ಆ ಟ್ಯಾಂಕರಿನವರು ಸಂಭಾವಿತರು ಎಂದು ಮಾತ್ರ ಅವನಿಗೆ ಗೊತ್ತಿತ್ತು.

ಮರುದಿನ ಚಂದ್ರಶೇಖರಯ್ಯನವರು ಲಕ್ಷ್ಮೀಶನ ಬೈಕಿನ ಹಿಂದೆ ಕೂತು ಜೆ.ಸಿ. ರಸ್ತೆಗೆ ಹೋದರು. ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯವನು, ಬರೀ ಕವರ್ ಬೇಕು ಎಂದಾಗ ಇಬ್ಬರ ಮುಖವನ್ನೂ ನೋಡಿದ. ಶಾಫ್ಟು ಕೇಳುತ್ತಾರೆ, ಕೀಲು ಕೇಳುತ್ತಾರೆ, ಕವರ್ ಮಾತ್ರ ಕೇಳಿದವರು ತನಗೆ ನೆನಪಿಲ್ಲ ಎಂದ. ಮುಚ್ಚಳ ಮಾತ್ರ ಕೊಳ್ಳಲು ಬಂದವರ ಮಧ್ಯೆಯೇ ಬದುಕು ಕಳೆದ ಚಂದ್ರಶೇಖರಯ್ಯನವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಒಳಗಿನಿಂದ ದೂಳು ಹಿಡಿದ ಹಳದಿ ಕವರೊಂದು ಬಂತು. ಜೊತೆಗೊಂದು ಸಣ್ಣ ಸರಪಳಿ. ಅದರ ಒಂದು ತುದಿಯನ್ನು ಕವರಿಗೆ, ಇನ್ನೊಂದನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿದರೆ ಒಳಗೆ ಶಾಫ್ಟು ತಿರುಗುತ್ತದೆ, ಕವರ್ ಸುಮ್ಮನೆ ಇರುತ್ತದೆ.

ಕವರ್ ಹಾಕಿದ ದಿನ ಚಂದ್ರಶೇಖರಯ್ಯನವರು ಪಂಪು ಓಡುವಾಗಲೇ ಅದರ ಮೇಲೆ ಒಂದು ಹಳೇ ಟವೆಲನ್ನು ಕೋಲಿನಿಂದ ಇಳಿಬಿಟ್ಟು ನೋಡಿದರು. ಟವೆಲು ಅಲ್ಲೇ ಬಿದ್ದುಕೊಂಡಿತ್ತು. ಅವರು ಮೇಲೆ ಹೋಗಿ, ಬಹಳ ದಿನಗಳ ಮೇಲೆ, ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಕವರ್ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಅವರು ಇಳಿದು ಬಂದಾಗ ಶಾಫ್ಟು ಬರಿಮೈಯಲ್ಲಿ ತಿರುಗುತ್ತಿತ್ತು. ಕವರ್ ಲಕ್ಷ್ಮೀಶನ ಸೀಟಿನ ಹಿಂದೆ ಇತ್ತು.

ಚಂದ್ರಶೇಖರಯ್ಯನವರು ಕೂಗಾಡುವವರಲ್ಲ. ಆ ದಿನ ಕೂಗಾಡಿದರು. ಇಡೀ ರಸ್ತೆ ಬಾಲ್ಕನಿಗೆ ಬಂತು. "ನನ್ನ ಪ್ರಾಣ ಹೋಗಿದ್ರೆ ನೀನೇನ್ ಮಾಡ್ತಿದ್ದೆ? ಹೇಳು! ಏನ್ ಮಾಡ್ತಿದ್ದೆ?"

ಲಕ್ಷ್ಮೀಶ ಎಂಜಿನ್ ಆರಿಸಿದ. ಕವರನ್ನು ತಂದು, ಸ್ಕ್ರೂಡ್ರೈವರನ್ನು ಅವರ ಕೈಗೆ ಕೊಟ್ಟ. "ಹಾಕೋದು ನಾನ್ ಹಾಕಿರ್ತೀನಿ. ಬಿಚ್ಚೋದು ನೀವೊಂದ್ಸಲ ಬಿಚ್ಚಿ ನೋಡಿ ಯಜಮಾನ್ರೇ."

ಕವರ್ ಹಾಕಿದ. ಚಂದ್ರಶೇಖರಯ್ಯನವರು ಪಂಚೆ ಎತ್ತಿ ಕಟ್ಟಿ, ಪೇಪರ್ ಹಾಸಿಕೊಂಡು ರಸ್ತೆಯಲ್ಲಿ ಕೂತರು. ಒಂದು ಹಲ್ಲು ಒತ್ತಿದರು. ಎರಡನೆಯದನ್ನು ಒತ್ತುವಾಗ ಮೊದಲನೆಯದು ಟಪ್ಪೆಂದು ವಾಪಸ್ ಕೂತಿತು. ಹೆಬ್ಬೆರಳು, ತೋರುಬೆರಳು, ಕೊನೆಗೆ ಗದ್ದವನ್ನೂ ಉಪಯೋಗಿಸಿದರು. ಕಲ್ಯಾಣಮ್ಮ ಮೇಲಿನಿಂದ, "ರೀ, ಕಾಫಿ ಆರ್ತಿದೆ" ಎಂದು ಕರೆದರು. ಸ್ವಲ್ಪ ಹೊತ್ತಿನ ಮೇಲೆ, "ಬಿಸಿ ಮಾಡಿದ್ದೂ ಆರ್ತಿದೆ" ಎಂದರು. ಇವರು ಸ್ಕ್ರೂಡ್ರೈವರನ್ನು ಜೋರಾಗಿ ಮೀಟಿದರು. ಒಂದು ಹಲ್ಲು ಮುರಿದು ಚರಂಡಿಗೆ ಬಿತ್ತು.

ಅವರು ಎದ್ದು, ಕೈಯ ಗ್ರೀಸನ್ನು ಪೇಪರಿಗೆ ಒರೆಸಿಕೊಂಡು, "ನಾನಾಗಿದ್ರೂ ಬಿಚ್ಚಿ ಎಸೀತಿದ್ದೆ" ಎಂದರು. ಆಮೇಲೆ, "ಬಾ, ಕಾಫಿ ಕುಡಿದು ಹೋಗು" ಎಂದು ಕರೆದರು. ಲಕ್ಷ್ಮೀಶ ಅವರ ಮನೆಯೊಳಗೆ ಕೂತು ಕಾಫಿ ಕುಡಿದದ್ದು ಅದೇ ಮೊದಲು.

ಚಂದ್ರಶೇಖರಯ್ಯನವರ ತಲೆಯಲ್ಲಿ ಈಗ ಅಂಗಡಿ ಓಡತೊಡಗಿತು. ಕಷ್ಟಪಟ್ಟು ತೆಗೆಯಬೇಕಾದ ಮುಚ್ಚಳ ಯಾವ ಮನೆಯಲ್ಲೂ ಡಬ್ಬಿಯ ಮೇಲಿರುವುದಿಲ್ಲ, ಪಕ್ಕದಲ್ಲಿರುತ್ತದೆ. ಇದು ಅವರಿಗೆ ವ್ಯಾಪಾರದಲ್ಲಿ ತಿಳಿದ ವಿಷಯ. ಕವರನ್ನೇ ಬಿಚ್ಚದೆ, ಗ್ರೀಸ್ ಹೊಡೆಯುವ ಜಾಗದಲ್ಲಿ ಒಂದು ತೂತು ಕೊರೆದು, ಅದಕ್ಕೆ ತಿರುಪಿನ ಮುಚ್ಚಳ ಹಾಕಿದರೆ? ಮಾಮೂಲ್‌ಪೇಟೆಗೆ ಮುಚ್ಚಳದ ಅಚ್ಚು ಮಾಡಿಕೊಡುತ್ತಿದ್ದ ಹನುಮಂತಯ್ಯ ಎಂಬ ಹಳೇ ಪರಿಚಯದವರಿದ್ದರು. ಇಬ್ಬರೂ ಸೇರಿ ಒಂದು ಮಧ್ಯಾಹ್ನವೆಲ್ಲ ಆ ಹಳದಿ ಕವರನ್ನು ಕೊರೆದರು. ಗುಲ್ಕನ್ ಡಬ್ಬಿಯ ಕೆಂಪು ಮುಚ್ಚಳ ಆ ತೂತಿಗೆ ಅಳತೆ ಮಾಡಿದಂತೆ ಕೂತಿತು. ಚಂದ್ರಶೇಖರಯ್ಯನವರು ಅದನ್ನು ತಿರುಗಿಸಿ ತೆಗೆದು, ತಿರುಗಿಸಿ ಹಾಕಿ, ಹನುಮಂತಯ್ಯನವರಿಗೂ ಮಾಡಿ ತೋರಿಸಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು.

ಪಂಪು ಶುರುವಾಯಿತು. ಕವರ್ ತಿರುಗಲಿಲ್ಲ, ಆದರೆ ನಡುಗಿತು. ಮುಚ್ಚಳ ಸ್ವಲ್ಪಸ್ವಲ್ಪವಾಗಿ ತಾನೇ ತಿರುಚಿಕೊಂಡು ಮೇಲೆ ಬಂತು. ಪೂರ್ತಿ ಸಡಿಲವಾಗಿ ವಾಲಿ ಒಳಗಿನ ಕೀಲಿಗೆ ಅದರ ಅಂಚು ತಾಗಿದ್ದೇ ತಡ, ಕೆಂಪು ಮುಚ್ಚಳ ಹಾರಿ, ಮೊದಲ ಮಹಡಿಯ ಬಾಲ್ಕನಿಯಲ್ಲಿ ಕಲ್ಯಾಣಮ್ಮ ಹರಡಿದ್ದ ಸಂಡಿಗೆಯ ನಡುವೆ ಬಿತ್ತು.

ಕಲ್ಯಾಣಮ್ಮ ಅದನ್ನು ಎತ್ತಿ ಹಿಡಿದು ಕೆಳಗೆ ನೋಡಿದರು. "ಇದು ನಮ್ಮ ಅಂಗಡೀದಲ್ವಾ?"

ಲಕ್ಷ್ಮೀಶ ಎಂಜಿನ್ ಆರಿಸಿದ.

ಕೊರೆದ ಕವರನ್ನು ಹಿಡಿದುಕೊಂಡು ಮತ್ತೆ ಜೆ.ಸಿ. ರಸ್ತೆಗೆ ಹೋದರು. ಅಂಗಡಿಯವನು ತೂತಿನಲ್ಲಿ ಬೆರಳಿಟ್ಟು, "ಇದ್ಯಾರು ಮಾಡಿದ್ದು?" ಎಂದು ಸಂತಾಪದ ದನಿಯಲ್ಲಿ ಕೇಳಿದ. ಚಂದ್ರಶೇಖರಯ್ಯನವರು, "ಗ್ರೀಸ್ ಹೊಡೆಯೋಕೆ ಬಿಚ್ಚಕ್ಕಾಗ್ತಿಲ್ಲ, ಅದಕ್ಕೆ" ಎಂದರು.

"ಸುಲಭವಾಗಿ ಬಿಚ್ಚೋದು ಬೇರೆ ಬರ್ತದಲ್ಲ."

"ಅವತ್ತು ಯಾಕ್ ಹೇಳ್ಲಿಲ್ಲ?"

"ಅವತ್ತು ನೀವು ಕವರ್ ಕೇಳಿದ್ರಿ. ಸುಲಭದ್ದು ಅಂತ ಕೇಳ್ಲಿಲ್ಲ."

ಅದು ಅಂಗಡಿಯಲ್ಲಿರಲಿಲ್ಲ. ಯಾರೂ ಕೊಳ್ಳುವುದಿಲ್ಲವೆಂದು ತರಿಸುತ್ತಿರಲಿಲ್ಲ. ಹೇಳಿ ತರಿಸಬೇಕಾಯಿತು. ಬಂದ ದಿನ ಅಂಗಡಿಯವನೇ ಫೋನ್ ಮಾಡಿದ. ಈ ಕವರಿಗೆ ಮೂರು ಹಲ್ಲುಗಳ ಬದಲು ತುದಿಯಲ್ಲಿ ಒಂದು ಬಳೆಯಿತ್ತು. ಬಳೆಯ ಮೇಲೊಂದು ಸೀಳು. ಸೀಳಿಗೆ ಒಂದು ನಾಣ್ಯ ಇಟ್ಟು ಸ್ವಲ್ಪ ತಿರುಗಿಸಿದರೆ ಲಾಕು ಬಿಡುತ್ತದೆ. ಇಡೀ ಕವರ್ ಹಿಂದಕ್ಕೆ ಜಾರುತ್ತದೆ, ಕೀಲು ಹೊರಗೆ ಕಾಣುತ್ತದೆ. ಗ್ರೀಸ್ ಹೊಡೆದು ಮುಂದಕ್ಕೆ ತಳ್ಳಿದರೆ ಕ್ಲಿಕ್ಕೆಂದು ಕೂರುತ್ತದೆ. ಕವರ್ ಶಾಫ್ಟಿನಿಂದ ಹೊರಗೆ ಬರುವುದೇ ಇಲ್ಲ. ಹಾಗಾಗಿ ಮನೆಗೆ ಒಯ್ಯುವ ಪ್ರಶ್ನೆಯೂ ಇಲ್ಲ.

ಚಂದ್ರಶೇಖರಯ್ಯನವರು ಅದನ್ನು ಕೌಂಟರಿನ ಮೇಲಿಟ್ಟು ಪರೀಕ್ಷೆ ಮಾಡಿದರು. ಒಂದು ಕೈಯಲ್ಲಿ ತೆಗೆದು ಹಾಕಿದರು. ಕಣ್ಣು ಮುಚ್ಚಿ ತೆಗೆದು ಹಾಕಿದರು. ಅಂಗಡಿಯವನಿಂದ ಗ್ರೀಸ್ ಇಸಿದುಕೊಂಡು ಎರಡೂ ಕೈಗೆ ಬಳಿದುಕೊಂಡು ತೆಗೆದು ಹಾಕಿದರು. ಹಿಂದೆ ಕಾಯುತ್ತಿದ್ದ ಗಿರಾಕಿಯೊಬ್ಬ, "ಇವರು ಕಂಪನಿಯೋರಾ?" ಎಂದು ಲಕ್ಷ್ಮೀಶನನ್ನು ಕೇಳಿದ.

"ಅಲ್ಲ. ಇವರು ಅಪಾರ್ಟ್‌ಮೆಂಟೋರು" ಎಂದ ಲಕ್ಷ್ಮೀಶ.

ಆ ಕವರ್ ಉಳಿಯಿತು. ಚಂದ್ರಶೇಖರಯ್ಯನವರು ನೋಡಿದಾಗಲೆಲ್ಲ ಅದು ಇದ್ದಲ್ಲೇ ಇತ್ತು, ಅವರು ಇಲ್ಲದಾಗಲೂ ಇತ್ತು. ಲಕ್ಷ್ಮೀಶನಿಗೆ ಇವರ ಮೇಲಿನ ಭಯಭಕ್ತಿಯಿಂದ ಅದು ಉಳಿದದ್ದಲ್ಲ. ಬಿಚ್ಚಿಡಲು ಅವನಿಗೆ ಕಾರಣ ಸಿಗಲಿಲ್ಲ, ಅಷ್ಟೇ. ಈಗ ಅವನು ಬೇರೆ ಡ್ರೈವರುಗಳ ಎದುರು ಜೇಬಿನಿಂದ ನಾಣ್ಯ ತೆಗೆದು ತಿರುಗಿಸಿ ತೋರಿಸುತ್ತಿದ್ದನಂತೆ. ತಾನೇ ಹುಡುಕಿ ತರಿಸಿದ್ದು ಎಂದೂ ಹೇಳುತ್ತಿದ್ದನಂತೆ. ಅದು ಚಂದ್ರಶೇಖರಯ್ಯನವರ ಕಿವಿಗೂ ಬಿತ್ತು. "ಹೇಳ್ಲಿ ಬಿಡು" ಎಂದರು.

ಆದರೆ ನಮ್ಮ ರಸ್ತೆಗೆ ಬರುವ ಟ್ಯಾಂಕರ್ ಲಕ್ಷ್ಮೀಶನದೊಂದೇ ಅಲ್ಲ. ಶಾಫ್ಟಿಗೆ ಕವರ್ ಇಲ್ಲದ ಟ್ಯಾಂಕರನ್ನು ನಾವು ಕರೆಸಬಾರದು ಎಂದು ನಿಯಮ ಮಾಡಿಸಬೇಕೆಂದು ಚಂದ್ರಶೇಖರಯ್ಯನವರು ತಿಂಗಳ ಮೀಟಿಂಗಿಗೆ ಬಂದರು. ಕೆಳಗಿನ ಅಸೋಸಿಯೇಷನ್ ರೂಮಿನಲ್ಲಿ ಟಿ.ವಿ. ಇತ್ತು. ಸಾನ್ವಿ ತನ್ನ ಫೋನನ್ನು ಅದಕ್ಕೆ ಜೋಡಿಸಿದಳು. ಕಲ್ಯಾಣಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದರು. ವಿಡಿಯೋ ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿದ್ದರೆ ಬರುತ್ತಿರಲಿಲ್ಲ.

"ನೀವೆಲ್ಲ ನೋಡಿದೀರಿ. ಇನ್ನೊಂದ್ಸಲ ನೋಡಿ" ಎಂದರು ಚಂದ್ರಶೇಖರಯ್ಯನವರು.

ವಿಡಿಯೋ ಓಡಿತು. ಜನ ತಡೆದುಕೊಂಡರು, ಚಡ್ಡಿ ಕಂಡಾಗ ತಡೆಯಲಾಗದೆ ನಕ್ಕರು. ಪ್ರಸನ್ನ ಕೆಮ್ಮಿನಲ್ಲಿ ಮುಚ್ಚಿಕೊಂಡ. ಅವರು ನಗು ಮುಗಿಯುವವರೆಗೆ ಕಾದರು. "ಇನ್ನೊಂದ್ಸಲ ಹಾಕಮ್ಮ." ಮತ್ತೆ ನಗು, ಸ್ವಲ್ಪ ಕಡಿಮೆ. "ಈಗ ನಿಧಾನವಾಗಿ ಹಾಕು. ಚಡ್ಡಿ ನೋಡ್ಬೇಡಿ. ನನ್ನ ಎಡಗೈ ನೋಡಿ."

ಮೂರನೇ ಸಲ ಯಾರೂ ನಗಲಿಲ್ಲ. ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಶಾಫ್ಟಿನ ಕಡೆಗೆ ಹೋಯಿತು. ಇನ್ನೂ ಹೋಯಿತು. ಆಮೇಲೆ ದೇಹ ಕೆಳಗೆ ಬಿದ್ದದ್ದರಿಂದ ಕೈ ಮೂಕಿಗೆ ಸಿಕ್ಕಿತು. ಸಾನ್ವಿ ಅಲ್ಲಿಗೆ ನಿಲ್ಲಿಸಿದಳು.

ಮೋನಿಷಾ ಮೆಲ್ಲಗೆ, "ಅಂಕಲ್, ನಾನು ಅಲ್ಲೇ ಇದ್ದೆ. ಇದು ನನಗೆ ಕಾಣ್ಲೇ ಇಲ್ಲ" ಎಂದಳು.

ಚಂದ್ರಶೇಖರಯ್ಯನವರು ಏನೋ ಹೇಳಬೇಕೆಂದು ತಯಾರಾಗಿ ಬಂದಿದ್ದರು. ಬಾಯಿ ತೆರೆದರು. ಟಿ.ವಿ.ಯಲ್ಲಿ ನಿಂತಿದ್ದ ಆ ಕೈ ಮತ್ತೆ ಕಣ್ಣಿಗೆ ಬಿತ್ತು. ತಮ್ಮ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರು. ಪ್ರಸನ್ನ ಎದ್ದು ನಿಯಮವನ್ನು ಓದಿದ. ಎಲ್ಲರೂ ಕೈ ಎತ್ತಿದರು. ಒಬ್ಬರು "ಸಾಧ್ಯವಾದಷ್ಟು ಮಟ್ಟಿಗೆ" ಎಂದು ಸೇರಿಸಬೇಕು ಎಂದರು. ಅದನ್ನೂ ಸೇರಿಸಿದರು.

ಕಲ್ಯಾಣಮ್ಮ ಮೀಟಿಂಗ್ ಮುಗಿಯುವ ಮೊದಲೇ ಎದ್ದು ಹೋಗಿದ್ದರು. ಇವರು ಮನೆಗೆ ಬಂದಾಗ ಅವರು ಬೀರುವಿನ ಮುಂದೆ ನಿಂತಿದ್ದರು. ಕೇದಾರ್ ತಂದುಕೊಟ್ಟಿದ್ದ ಬೆಲ್ಟು ಅವರ ಕೈಯಲ್ಲಿತ್ತು. ಅದನ್ನು ಅಡುಗೆಮನೆಗೆ ಒಯ್ದು, ಕತ್ತರಿಯಿಂದ ಮೂರು ತುಂಡು ಮಾಡಿ, ಕಸದ ಡಬ್ಬಿಗೆ ಹಾಕಿದರು.

"ಹೊಸದಾಗಿತ್ತಲ್ಲೇ" ಎಂದರು ಚಂದ್ರಶೇಖರಯ್ಯನವರು.

"ನೀವು ಸಡಿಲಾಗೇ ಕಟ್ಕೊಳ್ಳಿ" ಎಂದರು ಕಲ್ಯಾಣಮ್ಮ. ಮತ್ತೆ, ಆ ಕಡೆ ತಿರುಗಿಕೊಂಡೇ, "ನನಗ್ಯಾಕೆ ಸರಿಯಾಗ್ ಹೇಳ್ಲಿಲ್ಲ?" ಎಂದರು. ಹೇಳಿದ್ದೆ ಎನ್ನಬೇಕೆಂದು ಚಂದ್ರಶೇಖರಯ್ಯನವರ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಆ ರಾತ್ರಿ ಊಟಕ್ಕೆ ಅವರೇ ತಂದಿದ್ದ ಬೇಡದ ಸೊಪ್ಪಿನ ಸಾರಾಯಿತು. ಯಾರೂ ಬೈಯಲಿಲ್ಲ.

"ಸಾಧ್ಯವಾದಷ್ಟು ಮಟ್ಟಿಗೆ" ಎಂಬುದು ಬೇಗನೇ ಉಪಯೋಗಕ್ಕೆ ಬಂತು. ಲಕ್ಷ್ಮೀಶನ ಟ್ರ್ಯಾಕ್ಟರಿನ ಕ್ಲಚ್ಚು ಹೋಗಿ ಗ್ಯಾರೇಜು ಸೇರಿತು. ಮೇಲಿನ ಟ್ಯಾಂಕು ಖಾಲಿ. ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ನಿಂತವರು ಗ್ರೂಪಿನಲ್ಲಿ ಮೆಸೇಜ್ ಹಾಕತೊಡಗಿದರು. ಪ್ರಸನ್ನ ಎಲ್ಲೆಲ್ಲೋ ಫೋನ್ ಮಾಡಿ ಕೊನೆಗೆ ವಂಶಿ ಎಂಬವನ ಟ್ಯಾಂಕರನ್ನು ಹಿಡಿದ. ಅದರ ಶಾಫ್ಟಿಗೆ ಕವರ್ ಇರಲಿಲ್ಲ. ಪ್ರಸನ್ನ ಮೊದಲ ಮಹಡಿಯ ಕರೆಗಂಟೆ ಒತ್ತಿ, ಬಾಗಿಲು ತೆರೆದ ಚಂದ್ರಶೇಖರಯ್ಯನವರ ಮುಖ ನೋಡಲಾಗದೆ ನೆಲ ನೋಡುತ್ತ ಅದನ್ನು ಹೇಳಿದ.

ಕಲ್ಯಾಣಮ್ಮ ಒಳಗಿನಿಂದ, "ನೀರು ಬೇಕಲ್ಲ ರೀ" ಎಂದರು.

"ಬೇಕು" ಎಂದರು ಚಂದ್ರಶೇಖರಯ್ಯನವರು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿಕೊಂಡು ಕೆಳಗಿಳಿದರು. ಶಾಫ್ಟಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ದಾರಿಗೆ ಅಡ್ಡವಾಗಿ ಹಾಕಿಕೊಂಡು ಕೂತರು. ಟ್ಯಾಂಕರಿನ ಇನ್ನೊಂದು ಬದಿಗೆ ಮೋನಿಷಾ ತನ್ನ ಸ್ಕೂಟರನ್ನು ಅಡ್ಡ ನಿಲ್ಲಿಸಿದಳು. ಅವಳಿಗೆ ಯಾರೂ ಹೇಳಿರಲಿಲ್ಲ.

ವಂಶಿ ಇದನ್ನು ಬೇರೆ ರೀತಿ ಅರ್ಥಮಾಡಿಕೊಂಡ. "ಸಾರ್, ಫುಲ್ ಲೋಡ್ ಇದೆ. ಬೇಕಾದ್ರೆ ಹತ್ತಿ ನೋಡ್ಕೊಳ್ಳಿ. ಮೋಸ ಇಲ್ಲ."

"ನೀರು ನೋಡ್ತಿಲ್ಲಪ್ಪ."

"ಮತ್ತೆ?"

ವಂಶಿಯ ಕೊರಳಲ್ಲಿ ಒಂದು ಟವೆಲಿತ್ತು. ಅದರ ಎರಡೂ ತುದಿಗಳು ಹೊಟ್ಟೆಯವರೆಗೆ ಇಳಿಬಿದ್ದಿದ್ದವು. ಲಿವರ್ ಹಾಕಲು ಅವನು ಶಾಫ್ಟಿನ ಪಕ್ಕ ಬಗ್ಗಬೇಕಿತ್ತು.

"ಆ ಟವೆಲ್ ಸ್ವಲ್ಪ ಕೊಡು."

"ಮುಖ ಒರೆಸ್ಕೊಳ್ಳೋಕಾ? ಗಲೀಜಾಗಿದೆ ಸಾರ್."

"ಪರ್ವಾಗಿಲ್ಲ, ಕೊಡು."

ವಂಶಿ ಕೊಟ್ಟ. ಚಂದ್ರಶೇಖರಯ್ಯನವರು ಅದನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಪಂಪು ಶುರುವಾಯಿತು. ಹಾಲಿನವನೊಬ್ಬ ಟ್ರ್ಯಾಕ್ಟರಿಗೂ ಟ್ಯಾಂಕರಿಗೂ ನಡುವೆ ನುಗ್ಗಲು ಬಂದ, ಅವರು ಕೈ ಅಡ್ಡ ಹಿಡಿದು ಸುತ್ತಿಕೊಂಡು ಹೋಗಲು ಹೇಳಿದರು. ಅವನು ಗೊಣಗಿಕೊಂಡು ಸುತ್ತಿಕೊಂಡು ಹೋದ. ಮೇಲೆ ಯಾವುದೋ ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳಿಸಿತು.

ನೀರು ತುಂಬಿ, ಶಾಫ್ಟು ಪೂರ್ತಿ ನಿಂತ ಮೇಲೆ ಅವರು ಎದ್ದು ಟವೆಲನ್ನು ವಾಪಸ್ ಕೊಟ್ಟರು. ವಂಶಿ ಅದನ್ನು ಕೊರಳಿಗೆ ಹಾಕಿಕೊಂಡು, ಇವರನ್ನು ಒಮ್ಮೆ ನೋಡಿ, ಪೈಪು ಸುತ್ತಿ, ಟ್ರ್ಯಾಕ್ಟರ್ ಹತ್ತಿ ಹೊರಟ. ಅವನಿಗೆ ಹನುಮಂತನಗರದಲ್ಲಿ ಇನ್ನೊಂದು ಲೋಡು ಇತ್ತು.